ಯುಡೋರಾಳ ಅಡುಗೆಮನೆಯ ಮೇಲಿನ ರಸ್ತೆ

ಬ್ಯಾಟನ್ ರೂಜ್ ಊರಿನಲ್ಲಿ ಒಜೆಲಾ ರಿಕಾರ್ಡ್ ಹೊತ್ತು ತಿರುಗಿದಷ್ಟು ಹೆಣಗಳನ್ನು ಇನ್ಯಾವ ಡ್ರೈವರೂ ಹೊತ್ತಿಲ್ಲ. ನಮ್ಮ ದಕ್ಷಿಣದ ಕೇರಿಯಲ್ಲಿ ಯಾರ ಮನೆಗೆ ಬೇಕಾದರೂ ಹೋಗಿ ಕೇಳಿ, ಅವರ ಅಜ್ಜನನ್ನೋ ಅತ್ತೆಯನ್ನೋ ಕಡೆಯ ಸಲ ಊರು ದಾಟಿಸಿದವಳು ಇವಳೇ. ಆದರೆ ನಲವತ್ತು ವರ್ಷದ ಆ ಚಾಕರಿಯಲ್ಲಿ ಅವಳು ಒಂದು ಸಲವೂ ಹತ್ತನೇ ನಂಬರಿನ ಹೆದ್ದಾರಿ ಹತ್ತಿರಲಿಲ್ಲ. ಊರಿನ ನೆತ್ತಿಯ ಮೇಲೆ ಕಂಬಗಳೇರಿ ಬಂದು ಮಿಸಿಸಿಪ್ಪಿಯ ಹೊಸ ಸೇತುವೆಗೆ ಕೂಡುವ ಆ ರಸ್ತೆ ಇಲ್ಲದೆ ಇಲ್ಲಿ ಯಾರ ದಿನವೂ ಸಾಗುವುದಿಲ್ಲ. ಹಾಲು ತರಲು ಹೊರಟವನೂ ಅದನ್ನೇ ಹತ್ತುತ್ತಾನೆ. ಒಜೆಲಾ ಮಾತ್ರ ಹತ್ತುವುದಿಲ್ಲ ಎಂದರೆ ಹತ್ತುವುದಿಲ್ಲ. ನದಿಯಾಚೆಗೆ ಹೆಣ ಒಯ್ಯಬೇಕಾದರೆ ಉತ್ತರಕ್ಕೆ ಊರೆಲ್ಲ ಸುತ್ತಿ, ರೈಲಿನ ಪಕ್ಕದಲ್ಲೇ ಕಾರುಗಳೂ ಹೋಗುವ ಹಳೆಯ ಸೇತುವೆಯ ಮೇಲೆ ಒಯ್ಯುತ್ತಿದ್ದಳು.

"ಒಜೆಲಾ ಗಾಡೀಲಿ ಮಲಗಿದ್ರೆ ಹೆಣಾನೂ ಎದ್ದು ಕೂತು, ಇನ್ನೂ ಎಷ್ಟು ದೂರಾನಮ್ಮಾ ಅಂತ ಕೇಳುತ್ತೆ," ಎಂದು ಕ್ಷೌರದಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು.

"ಕೇಳಲಿ ಬಿಡ್ರೋ. ಅವಕ್ಕೇನು ಅರ್ಜೆಂಟು? ಡ್ಯೂಟಿಗೆ ಹೋಗ್ಬೇಕಾ?" ಎನ್ನುತ್ತಿದ್ದಳು ಒಜೆಲಾ.

ಇದು ಹಟವೇ, ಇಲ್ಲ ಎನ್ನುವುದಿಲ್ಲ. ಆದರೆ ಹುಟ್ಟಿನಿಂದ ಬಂದ ಹಟವಲ್ಲ. ಹೆದ್ದಾರಿ ಬಂದಾಗ ಒಜೆಲಾಗೆ ಎಂಟು ವರ್ಷ. ರಸ್ತೆಗೆ ನೇರವಾದ ದಾರಿ ಬೇಕಿತ್ತಂತೆ. ನೇರವಾದ ದಾರಿ ಎನ್ನುವುದು ಯಾವಾಗಲೂ ಕರಿಯರ ಕೇರಿಯ ಮೇಲೇ ಹೇಗೆ ಬಂದು ಬೀಳುತ್ತದೋ, ಆ ಲೆಕ್ಕ ನಮ್ಮಲ್ಲಿ ಯಾರಿಗೂ ಇವತ್ತಿಗೂ ಹತ್ತಿಲ್ಲ. ಕೆರೆಯ ಪಕ್ಕದ ದೊಡ್ಡ ಬಂಗಲೆಗಳ ಹತ್ತಿರ ಬಂದಾಗ ಅದೇ ರಸ್ತೆಗೆ ಬಳುಕುವುದು ಚೆನ್ನಾಗಿ ಗೊತ್ತಿತ್ತು.

ಒಜೆಲಾಳ ಅಪ್ಪ ಪೆಟ್ರೋಲು ತೆಗೆಯುವ ಎಣ್ಣೆ ಕಾರ್ಖಾನೆಯ ಪಾಳಿ ಮುಗಿಸಿ ಬಂದು, ತಾನೇ ಇಟ್ಟಿಗೆ ಹೊತ್ತು ಕಟ್ಟಿದ ಮನೆ ಅದು. ಮುಂದೆ ಎರಡು ಕೋಣೆ, ಹಿಂದೆ ಒಂದು ಹಳದಿ ಬಣ್ಣದ ಅಡುಗೆಮನೆ. ಅಪ್ಪ ಮನೆ ಕಟ್ಟಿದ ಎನ್ನುವುದಕ್ಕಿಂತ ಅಮ್ಮ ಯುಡೋರಾಗೆ ಅಡುಗೆಮನೆ ಕಟ್ಟಿಕೊಟ್ಟು, ಉಳಿದ ಜಾಗದಲ್ಲಿ ಎರಡು ಕೋಣೆ ಸೇರಿಸಿದ ಎನ್ನುವುದೇ ಸರಿ. ಭಾನುವಾರ ಅಲ್ಲಿ ಗಂಬೋ ಎಂಬ ದಪ್ಪ ಸಾರು ಬೇಯುತ್ತಿತ್ತು. ಗಂಬೋಗೆ ಮೊದಲು ಎಣ್ಣೆಯಲ್ಲಿ ಹಿಟ್ಟು ಹುರಿಯಬೇಕು. ಕೈ ಬಿಡದೆ ತಿರುವುತ್ತ ತಿರುವುತ್ತ ಅದು ಹಳೇ ತಾಮ್ರದ ಬಣ್ಣಕ್ಕೆ ಬರುವವರೆಗೆ ಒಲೆ ಬಿಟ್ಟು ಕದಲುವಂತಿಲ್ಲ, ಬಾಗಿಲಿಗೆ ಪಾದ್ರಿಯೇ ಬಂದು ನಿಂತರೂ. ಅಂಥ ಹೊತ್ತಿನಲ್ಲಿ ಒಂದು ದಿನ ಒಜೆಲಾಳ ಅಣ್ಣ ಆಲ್ಸಿಡ್ ನಾಯಿಮರಿಯನ್ನು ಅಟ್ಟಿಸಿಕೊಂಡು ಒಳಗೆ ಓಡಿಬಂದ. ಬಾಣಲೆ ಮಗುಚಿತು. ಹುಡುಗನ ಮೊಣಕೈ ಕೆಳಗಿನ ಚರ್ಮವೆಲ್ಲ ಸುಲಿದುಬಂತು. ಅವತ್ತಿನಿಂದ ಆ ಮನೆಗೆ ಒಂದೇ ಕಾನೂನು.

"ನನ್ನ ಅಡುಗೆಮನೇಲಿ ಯಾರೂ ಓಡಕೂಡದು! ಓಡೋರು ಹಿತ್ತಲಿಗೆ ಹೋಗಿ!"

ಮನೆಗೆ ಬಂದ ನೆಂಟರಿಗೂ ಅದೇ, ಪಾದ್ರಿಗೂ ಅದೇ. ಅಪ್ಪ ಒಮ್ಮೆ ಪಾಳಿಗೆ ತಡವಾಯಿತೆಂದು ಬಿರಬಿರನೆ ನಡೆದದ್ದಕ್ಕೂ ಬೈಸಿಕೊಂಡಿದ್ದ.

ಆಮೇಲೆ ಒಂದು ದಿನ ಹಳದಿ ಯಂತ್ರ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಅಡುಗೆಮನೆ ಇರಲಿಲ್ಲ. ರಿಕಾರ್ಡ್ ಮನೆಯವರು ಪಕ್ಕದ ಬೀದಿಯಲ್ಲಿ ಬಾಡಿಗೆಗೆ ಹಿಡಿದ ಮನೆಗೆ ಹೋದರು. ದೂರ ಹೋಗೋಣವೆಂದು ಅಪ್ಪ ಹೇಳಿದ, ಯುಡೋರಾ ಒಪ್ಪಲಿಲ್ಲ. ಎರಡು ವರ್ಷದಲ್ಲಿ ಕಂಬಗಳು ಎದ್ದವು, ಅವುಗಳ ಮೇಲೆ ರಸ್ತೆ ಮಲಗಿತು, ಮನೆಯ ಮುಂದೆ ಹೊತ್ತಿಗೆ ಮುಂಚೆಯೇ ನೆರಳು ಬೀಳತೊಡಗಿತು. ಯುಡೋರಾ ಸಂಜೆ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಮೇಲೆ ಲಾರಿ ಹೋದರೆ ರಸ್ತೆಯ ಸಂದು ದಡಕ್ ದಡಕ್ ಎನ್ನುತ್ತಿತ್ತು.

"ನೋಡು, ಯಾರೋ ನನ್ನ ಅಡುಗೆಮನೇಲಿ ಓಡ್ತಾ ಇದಾರೆ," ಎನ್ನುತ್ತಿದ್ದಳು. ಎದ್ದು ನಿಂತು, ಕತ್ತೆತ್ತಿ, ಕಾಂಕ್ರೀಟಿನ ಹೊಟ್ಟೆಗೆ ಕೇಳುವಂತೆ ಕಿರುಚುತ್ತಿದ್ದಳು. "ಓಡ್ಬೇಡ್ರೋ ಮುಂಡೇವಾ! ಓಡ್ಬೇಡ್ರೋ!"

ಹೊಸದಾಗಿ ಬಾಡಿಗೆಗೆ ಬಂದವರು ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಹಳಬರು ನಗುತ್ತಿದ್ದರು, ಆದರೆ ನಗು ಮುಗಿದ ಮೇಲೆ ತಾವೂ ಒಮ್ಮೆ ಮೇಲೆ ನೋಡುತ್ತಿದ್ದರು. ಅವರ ಮನೆಗಳೂ ಅಲ್ಲೇ ಹೋಗಿದ್ದವಲ್ಲ.

ಅಮ್ಮನ ಅಡುಗೆಮನೆಯ ಮೇಲೆ ತನ್ನ ಚಕ್ರ ಹರಿಯಕೂಡದು ಎಂದು ಒಜೆಲಾ ತೀರ್ಮಾನಿಸಿದ್ದು ಡ್ರೈವಿಂಗ್ ಕಲಿತ ದಿನವೇ.

ಹೆಣದ ಗಾಡಿಯ ಕೆಲಸ ಸಿಕ್ಕಿದ್ದೂ ಜಗಳವಾಡಿಯೇ. ಜೆನಾನ್ ಎಂಬವರ ಶವಸಂಸ್ಕಾರದ ಕಂಪನಿಯಲ್ಲಿ ಕಾರು ತೊಳೆಯಲು ಸೇರಿದ್ದಳು. ಒಂದು ಶನಿವಾರ ಡ್ರೈವರು ಕುಡಿದು ಬಂದ. ಒಜೆಲಾ ಅವನ ಕೈಯಿಂದ ಕೀ ಕಿತ್ತುಕೊಂಡು ಗಾಡಿ ಹತ್ತಿ ಕೂತಳು. ಹೆಂಗಸು ಹೆಣ ಒಯ್ಯುವುದುಂಟೇ ಎಂದು ಚರ್ಚಿನ ಹಿರಿಯರು ಗಡ್ಡ ಕೆರೆದುಕೊಂಡರು.

"ಒಳಗಿರೋರು ಬೇಡ ಅಂದ್ರೆ ಇಳೀತೀನಿ, ಕೇಳಿ ನೋಡಿ," ಎಂದಳು.

ಹಿರಿಯ ಜೆನಾನ್ ನಕ್ಕುಬಿಟ್ಟ. ಅವನು ಹಳೆಯ ಕಾಲದವನು. ಚರ್ಚಿನಿಂದ ಹೆಣ ಹೊರಟರೆ ತಾನು ಟೋಪಿಯನ್ನು ಎದೆಗೆ ಒತ್ತಿಕೊಂಡು ಗಾಡಿಯ ಮುಂದೆ ನಡೆಯುತ್ತಿದ್ದ, ಬೀದಿಯ ತುದಿಯವರೆಗೆ. ಗಾಡಿ ಅವನ ಹೆಜ್ಜೆಯಲ್ಲೇ ಹೋಗಬೇಕು. ಎದುರು ಬರುವ ಕಾರುಗಳು ಬದಿಗೆ ಸರಿದು ನಿಲ್ಲುತ್ತಿದ್ದವು, ಗಂಡಸರು ಟೋಪಿ ತೆಗೆಯುತ್ತಿದ್ದರು. ಕರಿಯರಾಗಲಿ ಬಿಳಿಯರಾಗಲಿ, ಇಲ್ಲಿ ಸತ್ತವರಿಗೆ ದಾರಿ ಬಿಡದವನನ್ನು ತಾಯಿ ಸರಿಯಾಗಿ ಬೆಳೆಸಿಲ್ಲ ಎನ್ನುತ್ತಾರೆ. ಹೆದ್ದಾರಿಯ ಮೇಲೆ ಮಾತ್ರ ಯಾರೂ ಬಿಡುವುದಿಲ್ಲ. ಅಲ್ಲಿ ಎಲ್ಲರೂ ತಾಯಿಯಿಲ್ಲದವರೇ.

ಹಿರಿಯ ಜೆನಾನ್ ಹೋದ ಮೇಲೆ ಮೊಮ್ಮಗ ಡೆಲ್ಮಾಂಟ್ ಯಜಮಾನನಾದ. ಒಳ್ಳೆಯ ಸೂಟು, ಒಳ್ಳೆಯ ಬೂಟು, ಮಾತಿಗೆ ಮುಂಚೆ ಗಡಿಯಾರ ನೋಡುವ ಚಟ. ಗಾಡಿಯ ಮುಂದೆ ನಡೆಯುವುದನ್ನು ಅವನು ಬಂದ ವರ್ಷವೇ ನಿಲ್ಲಿಸಿದ. ಸೆಕೆ, ಮತ್ತೆ ಟೈಮ್ ವೇಸ್ಟು. ಒಜೆಲಾಳ ಸುತ್ತುದಾರಿಯನ್ನೂ ನಿಲ್ಲಿಸಲು ಹೊರಟು, ಒಂದು ಸಲ ತಾನೇ ಹೆಣದ ಗಾಡಿ ಓಡಿಸಿಕೊಂಡು ಮೆರವಣಿಗೆಯನ್ನು ಹೆದ್ದಾರಿಗೆ ಹತ್ತಿಸಿದ. ಸೇತುವೆಯ ಹತ್ತಿರ ಮೂರು ಸಾಲು ಕಾರುಗಳು ಒಂದರೊಳಗೊಂದು ನುಗ್ಗುವ ಜಾಗವಿದೆ. ಅಲ್ಲಿ ಸರಿಯಾದ ಹೊತ್ತಿಗೆ ಬಲಕ್ಕೆ ಸರಿದು ಇಳಿಯದವನನ್ನು ದೇವರೂ ಕಾಪಾಡಲಾರ, ಸೀದಾ ನದಿ ದಾಟಿಸಿ ಪೋರ್ಟ್ ಆಲನ್‌ಗೆ ಒಗೆಯುತ್ತದೆ. ಹೆಣ ಇಳಿಯಿತು, ಅರ್ಧ ನೆಂಟರು ಇಳಿಯಲಿಲ್ಲ. ಸತ್ತವನ ಹೆಂಡತಿಯೇ ಆಚೆ ದಡದಲ್ಲಿ. ವಾಪಸ್ ಬರುವ ದಾರಿಯೂ ಗಿಜಿಗುಟ್ಟುತ್ತಿದ್ದುದರಿಂದ ಅವರೆಲ್ಲ ಒಂದು ಅಂಗಡಿಯ ಮುಂದೆ ನಿಂತು ಬುದಾಂ ಎಂಬ ಬಿಸಿ ಹಂದಿಮಾಂಸದ ಸಾಸೇಜು ತಿಂದರಂತೆ. ವಿಧವೆ ಸಮಾಧಿಗೆ ಬಂದಾಗ ಕರಿ ಕೈಗವಸಿನಲ್ಲೆಲ್ಲ ಜಿಡ್ಡು. ಆಮೇಲೆ ಡೆಲ್ಮಾಂಟ್ ಒಂದು ವರ್ಷ ಹೆದ್ದಾರಿಯ ಸುದ್ದಿ ಎತ್ತಲಿಲ್ಲ.

ಕಳೆದ ಜನವರಿಯಲ್ಲಿ ಯುಡೋರಾ ಹಾಸಿಗೆ ಹಿಡಿದಳು. ತೊಂಬತ್ತು ದಾಟಿತ್ತು, ಬಾಯಿ ಮಾತ್ರ ಇನ್ನೂ ಮೂವತ್ತರದ್ದು. ತನ್ನನ್ನು ನದಿಯಾಚೆ, ತಾನು ಹುಟ್ಟಿದ ಕಬ್ಬಿನ ಗದ್ದೆಗಳ ನಡುವಿನ ಚರ್ಚಿನ ಅಂಗಳದಲ್ಲಿ ಮಲಗಿಸಬೇಕೆಂದು ಎಂದೋ ಹೇಳಿಟ್ಟಿದ್ದಳು. ಈಗ ಮಗಳನ್ನು ಹತ್ತಿರ ಕರೆದಳು.

"ಒಜೆಲಾ, ನನ್ನ ಹಳೇ ಸೇತುವೆ ಮೇಲೆ ಒಯ್ಬೇಡ."

"ಮತ್ತೆ? ಈಜಿಕೊಂಡು ಹೋಗ್ತೀಯಾ?"

"ಮೇಲಿನ ರಸ್ತೇಲಿ ಒಯ್ಯಿ."

ಒಜೆಲಾಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. "ಅಮ್ಮಾ, ನಲವತ್ತು ವರ್ಷ ನಾನು ಅದನ್ನ ಮೆಟ್ಟಿಲ್ಲ. ನಿನಗೋಸ್ಕರ ಮೆಟ್ಟಿಲ್ಲ."

"ಮೆಟ್ಬೇಡ ಅಂತ ನಾನು ಹೇಳಿದ್ನಾ? ಅದು ನಿನ್ನ ಹಟ." ಮುದುಕಿ ಉಸಿರು ಎಳೆದುಕೊಂಡಳು. "ಲೋಕದವರೆಲ್ಲ ನನ್ನ ಅಡುಗೆಮನೇಲಿ ಹಾದುಹೋದ್ರು ಕಣೇ. ನಾನೊಬ್ಬಳು ಹೋಗ್ಲಿಲ್ಲ. ಒಂದು ಸಲ ಹೋಗ್ತೀನಿ. ಆದ್ರೆ ಆ ಲಾರಿಗಳ ಹಾಗಲ್ಲ. ಮನೆಯೊಡತಿ ಹೇಗೆ ಓಡಾಡ್ತಾಳೋ ಹಾಗೆ. ನಡಿಗೇಲಿ."

"ಅಲ್ಲಿ ಅರವತ್ತು ಮೈಲಿ ಸ್ಪೀಡಮ್ಮಾ."

"ಅದೆಲ್ಲ ನನಗ್ಯಾಕೆ ಹೇಳ್ತೀಯಾ? ಡ್ರೈವರು ನೀನು."

ಮಂಗಳವಾರ ಯುಡೋರಾ ಹೋದಳು. ಒಜೆಲಾ ಅತ್ತಳು, ಚೆನ್ನಾಗಿ ಅತ್ತಳು, ಆಮೇಲೆ ಮುಖ ತೊಳೆದುಕೊಂಡು ಯೋಚನೆಗೆ ಕೂತಳು. ಹೆದ್ದಾರಿಯ ಮೇಲೆ ಗಾಡಿಯನ್ನು ನಡಿಗೆಯ ವೇಗದಲ್ಲಿ ಬಿಡುವುದು ಅಪರಾಧ. ಆದರೆ ಶುಕ್ರವಾರ ಸಂಜೆ ನಾಲ್ಕರ ಸುಮಾರಿಗೆ ಸೇತುವೆಯ ದಿಕ್ಕಿಗೆ ಹೋಗುವವರು ನಡಿಗೆಯಲ್ಲಲ್ಲದೆ ಇನ್ನು ಹೇಗೆ ಹೋಗುತ್ತಾರೆ? ವಾರಾಂತ್ಯಕ್ಕೆ ಹೊರಟವರು, ಕಾರ್ಖಾನೆ ಬಿಟ್ಟವರು, ಟೆಕ್ಸಸ್ ಕಡೆಯ ಲಾರಿಗಳು ಎಲ್ಲ ಸೇರಿ ಆ ರಸ್ತೆ ತೆವಳುತ್ತದೆ. ಊರಿಗೆ ಊರೇ ಆ ಜಾಮಿಗೆ ಶಾಪ ಹಾಕುತ್ತದೆ. ಒಜೆಲಾ ಆ ಹೊತ್ತನ್ನೇ ಅಮ್ಮನ ಕಡೆಯ ಪಯಣಕ್ಕೆ ಗೊತ್ತುಮಾಡಿದಳು.

ಡೆಲ್ಮಾಂಟ್ ಕುರ್ಚಿಯಿಂದ ಎದ್ದೇಬಿಟ್ಟ. "ಮಿಸ್ ಒಜೆಲಾ! ಶುಕ್ರವಾರ ನಾಲ್ಕು ಗಂಟೇಗಾ? ಆ ರಸ್ತೆ ಹತ್ತದೆ ಜನ ತಪ್ಪಿಸಿಕೊಳ್ಳೋ ಟೈಮು ಅದು! ಮಣ್ಣು ಹಾಕೋವಾಗ ಟಾರ್ಚು ಹಿಡೀಬೇಕಾಗುತ್ತೆ."

"ಹಿಡಿ. ನಿನ್ನ ಕೈಗೇನು ಸವೆಯುತ್ತಾ?"

ಅವನಿಗೆ ಅನುಮಾನ ಬಂತು. ಅವಳೂ ಬಚ್ಚಿಡಲಿಲ್ಲ, ಅಮ್ಮನ ಮಾತನ್ನೆಲ್ಲ ಹೇಳಿದಳು. ಡೆಲ್ಮಾಂಟ್ ಟೈ ಸಡಿಲಿಸಿಕೊಂಡ.

"ಜಾಮ್ ಇದ್ರೆ ನಿಮ್ಮ ಪುಣ್ಯ. ಇಲ್ದಿದ್ರೆ ಎಲ್ಲರ ಹಾಗೆ ಓಡಿಸ್ಬೇಕು. ಖಾಲಿ ಹೆದ್ದಾರೀಲಿ ಹೆಣದ ಗಾಡಿ ತೆವಳಿಸಿದ್ರೆ ಯಾವನಾದ್ರೂ ಬಂದು ಗುದ್ದುತ್ತಾನೆ, ಪೊಲೀಸ್ರು ನನ್ನ ಲೈಸೆನ್ಸಿಗೆ ಕೈ ಹಾಕ್ತಾರೆ. ಹಾಗೇನಾದ್ರೂ ಮಾಡಿದ್ರೆ ಗಾಡಿ ಕೀ ನನ್ನ ಟೇಬಲ್ ಮೇಲಿಟ್ಟು ಮನೆಗೆ ಹೋಗಿ. ಅಜ್ಜನ ಕಾಲದವರು ಅಂತ ನೋಡಲ್ಲ."

"ಜಾಮ್ ಇಲ್ಲದ ಶುಕ್ರವಾರ ನೀನು ಹುಟ್ಟಿದ ಮೇಲೆ ಒಂದಾದ್ರೂ ಬಂದಿದ್ಯೇನೋ?" ಎಂದು ಒಜೆಲಾ ಎದ್ದು ಬಂದಳು.

ಬಂತು. ಗುರುವಾರ ರಾತ್ರಿ ಟಿವಿಯವನು ಐಸ್ ಬೀಳುತ್ತದೆ ಎಂದ. ನಮ್ಮ ಜನ ಬಿರುಗಾಳಿಗೆ ಹೆದರುವುದಿಲ್ಲ, ಮನೆಯ ಛಾವಣಿ ಹಾರಿಹೋದರೆ ಅಂಗಳದಲ್ಲಿ ಒಲೆ ಹೂಡಿ ಸೀಗಡಿ ಬೇಯಿಸಿಕೊಂಡು ತಿನ್ನುತ್ತಾರೆ. ಐಸ್ ಎಂದರೆ ಮಾತ್ರ ಜೀವ ಹೋಗುತ್ತದೆ. ಶುಕ್ರವಾರ ಬೆಳಗಾಗುವಷ್ಟರಲ್ಲಿ ಅಂಗಡಿಗಳಲ್ಲಿ ಬ್ರೆಡ್ಡಿಲ್ಲ, ಹಾಲಿಲ್ಲ, ಶಾಲೆಗಳಿಲ್ಲ, ಆಫೀಸುಗಳಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರೇ ಕಂಬಳಿ ಹೊದ್ದು ಮಲಗಿತ್ತು. ಐಸ್ ಮಾತ್ರ ಬರಲಿಲ್ಲ, ತಣ್ಣನೆಯ ಒಣ ಗಾಳಿ ಬೀಸಿತು ಅಷ್ಟೆ. ಮೆರವಣಿಗೆಯ ಜೊತೆ ಬರಬೇಕಿದ್ದ ಬೈಕಿನ ಪೊಲೀಸಿನವನೂ ಬರಲಿಲ್ಲ. ಯುಡೋರಾಳ ಕಡೆಯವರು ಬಂದರು. ಐಸಿಗಿಂತ ಅವಳಿಗೇ ಅವರು ಹೆಚ್ಚು ಹೆದರುತ್ತಿದ್ದರು.

ಚರ್ಚಿನಲ್ಲಿ ಹಾಡು ಮುಗಿದು ಗಾಡಿ ಹೊರಟಿತು. ಮುಂದಿನ ಸೀಟಿನಲ್ಲಿ ಒಜೆಲಾಳ ಪಕ್ಕ ಆಲ್ಸಿಡ್. ಬಾಣಲೆ ಮಗುಚಿದ ಆ ಹುಡುಗನಿಗೆ ಈಗ ಎಪ್ಪತ್ತು ದಾಟಿದೆ, ಹುಟ್ಟಾ ಪುಕ್ಕಲ. ಹಿಂದೆ ಕುಟುಂಬದ ಕಪ್ಪು ಕಾರಿನಲ್ಲಿ, ಅದರ ಡ್ರೈವರಿನ ಪಕ್ಕ, ಡೆಲ್ಮಾಂಟ್, ಅದರ ಹಿಂದೆ ದೀಪ ಹಾಕಿಕೊಂಡ ನೆಂಟರ ಕಾರುಗಳು. ಒಜೆಲಾ ಇಳಿಜಾರಿನ ಬುಡಕ್ಕೆ ಬಂದು, ಎದೆಯ ಮೇಲೆ ಕೈ ಇಟ್ಟುಕೊಂಡು, ಜೀವಮಾನದಲ್ಲಿ ಮೊದಲ ಸಲ ಹೆದ್ದಾರಿ ಹತ್ತಿದಳು.

ರಸ್ತೆ ಖಾಲಿ. ಈ ತುದಿಯಿಂದ ಆ ತುದಿಯವರೆಗೆ ಖಾಲಿ. ದೂರದಲ್ಲಿ ಸೇತುವೆಯ ಕಬ್ಬಿಣ ಕಾಣುತ್ತಿತ್ತು, ನಡುವೆ ಒಂದು ಲಾರಿ, ಅದೂ ಹಾರುತ್ತಿತ್ತು.

"ಇವತ್ತೇ ಸಾಯ್ಬೇಕಿತ್ತೇನ್ರೋ ನೀವೆಲ್ಲ? ದಿನಾ ಇಲ್ಲಿ ಬಿದ್ದು ಒದ್ದಾಡ್ತೀರಿ, ಬೇಕಾದಾಗ ಒಬ್ಬನೂ ಇಲ್ಲ!" ಒಜೆಲಾ ಸ್ಟಿಯರಿಂಗ್ ಗುದ್ದಿದಳು.

"ಹೋಗ್ಲಿ ಬಿಡು ಒಜೆಲಾ, ಅಮ್ಮಂಗೆ ಅರ್ಥ ಆಗುತ್ತೆ," ಎಂದ ಆಲ್ಸಿಡ್. "ಗ್ಯಾಸ್ ಪೆಡಲ್ ಒತ್ತು. ಹಿಂದೆ ಯಾರಾದ್ರೂ ಬಂದ್ರೆ ನಾವೂ ಅಮ್ಮನ ಜೊತೇಲೇ ಹೋಗ್ತೀವಿ."

ಬಲಗಡೆ ತಮ್ಮ ಚರ್ಚಿನ ಗೋಪುರದ ತುದಿ ಕಂಡಿತು. ಕೆಳಗಿನಿಂದ ದಿನಾ ಕತ್ತೆತ್ತಿ ನೋಡಿದ್ದ ತುದಿ ಈಗ ಕಣ್ಣಿನ ನೇರಕ್ಕೆ ಇತ್ತು. ಕೇರಿಯ ಛಾವಣಿಗಳು ಕಾಲ ಕೆಳಗಿದ್ದವು. ಇಷ್ಟು ವರ್ಷ ತಮ್ಮ ತಲೆಯ ಮೇಲೆ ಹೋದವರಿಗೆ ತಾವು ಹೇಗೆ ಕಾಣುತ್ತಿದ್ದೆವು ಎಂದು ಅವಳಿಗೆ ಆಗ ತಿಳಿಯಿತು. ಕಾಣುತ್ತಲೇ ಇರಲಿಲ್ಲ. ಒಜೆಲಾ ಹಳದಿ ದೀಪ ಮಿನುಗಿಸಿ ಗ್ಯಾಸಿನಿಂದ ಕಾಲು ತೆಗೆದಳು. ಗಾಡಿ ನಲವತ್ತಕ್ಕೆ, ಇಪ್ಪತ್ತಕ್ಕೆ, ನಡಿಗೆಗೆ ಇಳಿಯಿತು. ಹಿಂದಿನ ಕಾರುಗಳೂ ಒಂದೊಂದಾಗಿ ಇಳಿದವು. ಫೋನು ಬಡಿದುಕೊಂಡಿತು, ಡೆಲ್ಮಾಂಟ್. ಅವಳು ಎತ್ತಲಿಲ್ಲ.

ಫೋನು ಸುಮ್ಮನಾಗುವಷ್ಟರಲ್ಲಿ ಹಿಂದೆ ನೀಲಿ ದೀಪ ಕಾಣಿಸಿತು. ಹೆದ್ದಾರಿ ಪೊಲೀಸಿನವನು, ಕೆಂಪು ಮುಖದ ಬಿಳಿಯ. ಮೈಕಿನಲ್ಲಿ ನಿಲ್ಲಿಸಲು ಹೇಳಿದ. ಒಜೆಲಾ ನಿಲ್ಲಿಸಲಿಲ್ಲ. ಅವನು ಕಾರನ್ನು ಬದಿಗೆ ಬಿಟ್ಟು ಇಳಿದು ಬಂದ, ಗಾಡಿ ಹೋಗುತ್ತಲೇ ಇದ್ದುದರಿಂದ ಕಿಟಕಿಯ ಪಕ್ಕ ನಡೆಯಬೇಕಾಯಿತು.

"ಮೇಡಂ, ಗಾಡಿ ನಿಲ್ಸಿ."

"ನಿಲ್ಸೋದು ಅಪರಾಧ, ಇಲ್ಲಿ ಬೋರ್ಡು ಹಾಕಿದಾರೆ."

"ಇಷ್ಟು ನಿಧಾನ ಹೋಗೋದೂ ಅಪರಾಧಾನೇ. ಇಂಜಿನ್ ಕೆಟ್ಟಿದ್ಯಾ?"

"ಏನೂ ಕೆಟ್ಟಿಲ್ಲ. ದಂಡ ಹಾಕೋದಿದ್ರೆ ಹಾಕಪ್ಪ, ನಡ್ಕೊಂಡೇ ಹಾಕು."

"ಅಯ್ಯೋ ದೇವ್ರೇ," ಎಂದ ಆಲ್ಸಿಡ್, ಮುಖ ಮುಚ್ಚಿಕೊಂಡು.

"ಯಾಕೆ ಹೀಗೆ ಮಾಡ್ತಿದೀರಾ ಮೇಡಂ? ಹೇಳಿ." ಪೊಲೀಸಿನವನಿಗೆ ಏದುಸಿರು ಬಂದಿತ್ತು.

ಒಜೆಲಾ ಅವನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿರಲಿಲ್ಲ. "ಹಿಂದೆ ಮಲಗಿರೋದು ನಮ್ಮಮ್ಮ. ನೀನು ನಡೀತಿರೋದು ಅವಳ ಅಡುಗೆಮನೇಲಿ. ನಿಮ್ಮ ರಸ್ತೆ ಬರೋಕೆ ಮುಂಚೆ ಇಲ್ಲಿ ಕೆಳಗೆ ಅವಳ ಅಡುಗೆಮನೆ ಇತ್ತು. ಅಲ್ಲಿ ಯಾರಾದ್ರೂ ಓಡಿದ್ರೆ ಅವಳಿಗೆ ಆಗ್ತಿರ್ಲಿಲ್ಲ. ಅರವತ್ತು ವರ್ಷ ನೀವೆಲ್ಲ ಓಡಿದೀರಿ. ಇವತ್ತು ಅವಳಿದಾಳೆ. ಇವತ್ತು ಯಾರೂ ಓಡಲ್ಲ."

ಪೊಲೀಸಿನವನು ಕತ್ತು ತಿರುಗಿಸಿದ. ಹಿಂದಿನ ಗಾಜಿನೊಳಗೆ ಹೂವಿನ ರಾಶಿಯನ್ನು ನೋಡಿದ.

"ಅಡುಗೆಮನೆ ಎಲ್ಲಿಗೆ ಮುಗಿಯುತ್ತೆ?"

"ಅಗೋ, ವಾಷಿಂಗ್ಟನ್ ಬೀದಿ ಅಂತ ಹಸಿರು ಬೋರ್ಡು ಕಾಣ್ತಿದೆಯಲ್ಲ, ಅಲ್ಲಿಗೆ. ಆಚೆಗೆ ಹಿತ್ತಲು."

"ಅಲ್ಲಿವರೆಗೂ ಹಿಂದೆ ನಾನು ಗಾಡಿಗಳನ್ನ ತಡೀತೀನಿ," ಎಂದ ಅವನು. "ದಂಡದ ಟಿಕೆಟ್ ಮಾತ್ರ ಬರುತ್ತೆ, ಮೇಡಂ."

"ಬರಲಿ. ಅಮ್ಮನ ಹೆಸರಿಗೆ ಬರಿ."

ಅಷ್ಟರಲ್ಲಿ ಡೆಲ್ಮಾಂಟ್ ಬೂಟು ಟಪಟಪ ಎನ್ನಿಸುತ್ತ ಬಂದಿದ್ದ. ಮುಖ ಬದನೆಕಾಯಿಯಾಗಿತ್ತು. "ಕೀ! ನಾಳೆ ಬೆಳಿಗ್ಗೆ ಕೀ ಟೇಬಲ್ ಮೇಲಿರ್ಬೇಕು ಮಿಸ್ ಒಜೆಲಾ!"

"ಇರುತ್ತೆ. ನಾಳೇದು ನಾಳೆ. ಇವತ್ತು ಹೇಗೂ ಇಳಿದಿದೀಯಾ, ಮುಂದೆ ನಡಿ. ನಿಮ್ಮ ತಾತ ನಡೀತಿದ್ರಲ್ಲ, ಹಾಗೆ."

ಡೆಲ್ಮಾಂಟ್ ಸುತ್ತ ನೋಡಿದ. ಹಿಂದೆ ಅಷ್ಟೂ ಕಾರಿನ ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು, ಪೊಲೀಸಿನವನೂ ನೋಡುತ್ತಿದ್ದ. ಕಂಪನಿಯ ಯಜಮಾನ ಡ್ರೈವರಿನ ಕಿಟಕಿಗೆ ಜೋತುಬಿದ್ದು ಕಿರುಚುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಅವನಿಗೇ ಅನ್ನಿಸಿರಬೇಕು. ಕೋಟಿನ ಗುಂಡಿ ಹಾಕಿಕೊಂಡ. ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಗಾಡಿಯ ಮುಂದೆ ಹೋಗಿ, ಸೇತುವೆಯ ಕಡೆ ಮುಖ ಮಾಡಿ ಹೆಜ್ಜೆ ಇಟ್ಟ. ಮೊದಲು ಬಿಗಿಯಾಗಿ ನಡೆದ, ಸ್ವಲ್ಪ ಹೊತ್ತಿಗೆ ಅವನ ಭುಜ ಇಳಿಯಿತು, ನಡಿಗೆ ಥೇಟ್ ಅವರಜ್ಜನದಾಯಿತು.

ಒಜೆಲಾ ಆ ಹೆಜ್ಜೆಯ ಹಿಂದೆ ಗಾಡಿ ಬಿಟ್ಟಳು. ಚಕ್ರ ರಸ್ತೆಯ ಸಂದು ದಾಟಿದಾಗ ದಡಕ್ ಎನ್ನಲಿಲ್ಲ, ಮೆಲ್ಲಗೆ ಒಮ್ಮೆ ಏರಿ ಇಳಿಯಿತು. ಪಕ್ಕದಲ್ಲಿ ಆಲ್ಸಿಡ್ ಕೋಟಿನ ತೋಳು ಮೇಲೆ ಎಳೆದುಕೊಂಡು ಮೊಣಕೈ ಕೆಳಗಿನ ಹಳೆಯ ಕಲೆಯ ಮೇಲೆ ಬೆರಳಾಡಿಸುತ್ತಿದ್ದ.

"ಒಲೆ ಇಲ್ಲೇ ಇತ್ತು," ಎಂದ.

"ನಿನಗೆ ಹೇಗೆ ಗೊತ್ತು?"

"ಮೂವತ್ತು ವರ್ಷ ಕಾರ್ಖಾನೆಗೆ ಇದರ ಮೇಲೇ ಹೋಗಿದೀನಿ. ನಿನಗೂ ಹೇಳಿಲ್ಲ, ಅಮ್ಮಂಗೂ ಹೇಳಿಲ್ಲ. ದಿನಾ ಇಲ್ಲಿ ಬಂದಾಗ ನನ್ನ ಕಾಲು ತಾನೇ ಗ್ಯಾಸಿನಿಂದ ಮೇಲೇಳ್ತಿತ್ತು." ಅವನು ಬೆರಳೆತ್ತಿ ರಸ್ತೆ ತೋರಿಸಿದ. "ಇನ್ನೂ ನಿಧಾನ ಹೋಗೇ."

ಅವಳು ಇನ್ನೂ ನಿಧಾನ ಹೋದಳು. ಹಿಂದಿನ ಕಾರುಗಳಲ್ಲಿ ಯಾರೋ ಹಾಡು ಎತ್ತಿದರು. ದೂರದಲ್ಲಿ ಪೊಲೀಸಿನವನು ಅಡ್ಡ ನಿಲ್ಲಿಸಿದ ಕಾರಿನ ಹಿಂದೆ ಎರಡು ಲಾರಿಗಳು ಬಂದು ನಿಂತಿದ್ದವು, ಹಾರ್ನ್ ಒತ್ತುತ್ತಿರಲಿಲ್ಲ. ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಯುಡೋರಾ ರಿಕಾರ್ಡ್ ಮನೆಯೊಡತಿಯಂತೆ ನಡೆದಳು.

ಹಸಿರು ಬೋರ್ಡು ತಲೆಯ ಮೇಲೆ ಹಾದುಹೋಯಿತು. ಡೆಲ್ಮಾಂಟ್ ಪಕ್ಕಕ್ಕೆ ಸರಿದು ಟೋಪಿ ತಲೆಗಿಟ್ಟುಕೊಂಡ. ಒಜೆಲಾ ಕಣ್ಣೊರೆಸಿಕೊಂಡು, ಗ್ಯಾಸಿನ ಮೇಲೆ ಕಾಲಿಟ್ಟು, ಸೇತುವೆಯ ಕಡೆಗೆ ಬಲವಾಗಿ ಒತ್ತಿದಳು. ಕನ್ನಡಿಯಲ್ಲಿ ನೋಡಿದರೆ, ಡೆಲ್ಮಾಂಟ್ ಕೋಟು ಹಾರಿಸಿಕೊಂಡು ತನ್ನ ಕಾರಿನ ಕಡೆ ಓಡುತ್ತಿದ್ದ. ಓಡಲಿ. ಹಿತ್ತಲಲ್ಲಿ ಓಡಿದವರನ್ನು ಅಮ್ಮ ಎಂದೂ ಬೈದವಳಲ್ಲ.